ಹಾಸಿಗೆ ಹಿಡಿಯದ ಹಲ್ಲು

ನಮ್ಮಲ್ಲಿ ಮಾರಾಟವಾಗುವ ಆರೋಗ್ಯ ವಿಮೆಯ ಪಾಲಿಸಿ ಪುಸ್ತಕಗಳಲ್ಲಿ ಹಲ್ಲಿನ ಪ್ರಸ್ತಾಪ ಸಾಮಾನ್ಯವಾಗಿ ಎರಡು ಕಡೆ ಬರುತ್ತದೆ. ಮೊದಲನೆಯದು ವ್ಯಾಖ್ಯೆಗಳ ಪುಟದಲ್ಲಿ. ಹಲ್ಲಿಗೂ ಹಲ್ಲನ್ನು ಹಿಡಿದು ನಿಲ್ಲಿಸುವ ಭಾಗಗಳಿಗೂ ಕೊಡುವ ಚಿಕಿತ್ಸೆಯೇ ದಂತ ಚಿಕಿತ್ಸೆ. ತಪಾಸಣೆ, ಫಿಲ್ಲಿಂಗ್, ಕ್ಯಾಪ್, ಹಲ್ಲು ಕೀಳುವುದು, ಶಸ್ತ್ರಚಿಕಿತ್ಸೆ ಎಲ್ಲವೂ ಅದರೊಳಗೆ ಸೇರುತ್ತವೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ವ್ಯಾಖ್ಯೆ ಕೊಟ್ಟಿದೆ. ಅಚ್ಚುಕಟ್ಟಾದ ವ್ಯಾಖ್ಯೆ, ಏನೂ ಬಿಟ್ಟುಹೋಗಿಲ್ಲ. ಅಲ್ಲಿಂದ ಹಲವು ಪುಟ ದಾಟಿದ ಮೇಲೆ, ಯಾವುದಕ್ಕೆಲ್ಲ ಹಣ ಕೊಡುವುದಿಲ್ಲ ಎಂಬ ಪಟ್ಟಿಯಲ್ಲಿ ಹಲ್ಲು ಮತ್ತೆ ಕಾಣಿಸಿಕೊಳ್ಳುತ್ತದೆ. ಅಪಘಾತದಲ್ಲಿ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ್ದರೆ ಸರಿ, ಇಲ್ಲವಾದರೆ ದಂತ ಚಿಕಿತ್ಸೆಗೆ ಏನೂ ಸಿಗುವುದಿಲ್ಲ. ಅಷ್ಟು ವಿವರವಾಗಿ ವ್ಯಾಖ್ಯೆ ಮಾಡಿದ್ದು ಇಷ್ಟು ಪೂರ್ತಿಯಾಗಿ ಹೊರಗಿಡುವುದಕ್ಕೆ ಎಂದು ಆಗ ಗೊತ್ತಾಗುತ್ತದೆ.

ವಿಮೆಯ ಈ ಪದ್ಧತಿಯನ್ನು ವಿಮರ್ಶೆಗೆ ಒಡ್ಡಬೇಕೆಂದು ನನಗೆ ಅನಿಸಿದ್ದು ಕೆಳದವಡೆಯ ಹಲ್ಲೊಂದು ರಾತ್ರಿ ನಿದ್ದೆಗೆಡಿಸಿ, ಮೈಸೂರಿನ ಒಂದು ಖಾಸಗಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿಸಿದ ಮೇಲೆ. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಹತ್ತಿರ ಕಪ್ಪು ನೆರಳಿತ್ತು. 'ಹುಳುಕು ನರದವರೆಗೂ ಹೋಗಿದೆ ಮೇಡಂ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕಾಗುತ್ತೆ' ಎಂದರು ವೈದ್ಯರು. ಒಳ್ಳೆಯ ವೈದ್ಯರೇ. ಕೈ ಹಗುರ, ಮಾತು ಮೆದು. ಕೌಂಟರಿನ ಹುಡುಗಿ ಲೆಟರ್‌ಹೆಡ್ಡಿನ ಹಿಂಬದಿಯಲ್ಲಿ ಅಂದಾಜು ಬರೆದುಕೊಟ್ಟಳು. ರೂಟ್ ಕೆನಾಲ್ 5,000. ಕ್ಯಾಪಿನಲ್ಲಿ ಮೂರು ಬಗೆ: ಒಳಗೆ ಲೋಹ ಇರುವುದು 4,500, ಜಿರ್ಕೋನಿಯಾ 9,000, ಅದರಲ್ಲೇ ಹೆಚ್ಚು ವರ್ಷ ವಾರಂಟಿ ಕಾರ್ಡ್ ಇರುವುದು 13,000. ಮೂರರಲ್ಲಿ ನನ್ನ ಹಲ್ಲಿಗೆ ಯಾವುದು ಸಾಕು ಎಂದು ಕೇಳಿದರೆ 'ಅದು ನಿಮ್ಮ ಚಾಯ್ಸ್ ಮೇಡಂ' ಎಂಬ ಉತ್ತರ ಬಂತು. ಔಷಧಿಯ ಅಂಗಡಿಯಲ್ಲಿ ಕೂಡ ರೋಗಿಗೆ ಇಷ್ಟು ಆಯ್ಕೆ ಕೊಡುವುದಿಲ್ಲ.

ಹಲ್ಲು ಕೊರೆದು ತೆರೆದಮೇಲೆ ಲೆಕ್ಕ ಬದಲಾಯಿತು. ಒಂದು ಬೇರಿನ ನಾಳ ಗಟ್ಟಿಯಾಗಿ ಮುಚ್ಚಿಕೊಂಡಿದೆ, ಅದನ್ನು ತೆರೆಯಲು ಭಾನುವಾರ ಬರುವ ಸ್ಪೆಷಲಿಸ್ಟ್ ಬೇಕು, ಅವರ ಫೀಸು ಬೇರೆ. ಹಲ್ಲಿನ ಗೋಡೆ ಹೆಚ್ಚು ಉಳಿದಿಲ್ಲ, ಕ್ಯಾಪ್ ನಿಲ್ಲಲು ಒಳಗೊಂದು ಪೋಸ್ಟ್ ಬೇಕು, ಅದೂ ಬೇರೆ. ಈ ಮಾತು ನನಗೆ ಹೇಳಿದಾಗ ಬಾಯಿಗೆ ರಬ್ಬರ್ ಹಾಳೆ ಬಿಗಿದಿತ್ತು, ಅರ್ಧ ಮುಖ ಮರಗಟ್ಟಿತ್ತು, ಎಂಜಲು ಎಳೆಯುವ ಕೊಳವೆ ನಾಲಿಗೆಯ ಪಕ್ಕದಲ್ಲಿ ಸದ್ದು ಮಾಡುತ್ತಿತ್ತು. ನಾನು ತಲೆಯಾಡಿಸಿದೆ. ಆ ತಲೆಯಾಟವೇ ಒಪ್ಪಿಗೆ ಎಂದಾಯಿತು. ವೈದ್ಯರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ; ಬೇರಿನೊಳಗೆ ಏನಿದೆ ಎಂಬುದು ತೆರೆಯುವವರೆಗೆ ಅವರಿಗೂ ಪೂರ್ತಿ ಗೊತ್ತಾಗದು. ಆದರೆ ಚೌಕಾಸಿ ಮಾಡಲು ಇದಕ್ಕಿಂತ ಅಸಹಾಯಕವಾದ ಭಂಗಿ ಮನುಷ್ಯರಿಗೆ ಇನ್ನೊಂದಿರಲಾರದು.

ಮನೆಗೆ ಬಂದು ವಿಮಾ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ವರ್ಷ ವರ್ಷ ಪ್ರೀಮಿಯಂ ಕಟ್ಟುತ್ತ ಬಂದ ಕುಟುಂಬ ಪಾಲಿಸಿ. 'ಅಡ್ಮಿಟ್ ಆಗಿದ್ರಾ ಮೇಡಂ?' ಇಲ್ಲ. 'ಆಕ್ಸಿಡೆಂಟಾ?' ಅಲ್ಲ. 'ಹಾಗಾದ್ರೆ ಕ್ಲೇಮ್ ಬರಲ್ಲ ಮೇಡಂ.' ಆ ಹುಡುಗನ ದನಿಯಲ್ಲಿ ಒರಟುತನವೇನೂ ಇರಲಿಲ್ಲ. ಅವನು ಕೇಳಿದ ಎರಡು ಪ್ರಶ್ನೆಗಳಲ್ಲಿ ಒಂದಾದರೂ ನನ್ನ ರೋಗದ ಬಗ್ಗೆ ಇರಲಿಲ್ಲ ಅಷ್ಟೆ.

ನನಗಾದರೂ ಸಾಲ ಮಾಡದೆ ಕೊಡುವಷ್ಟು ಅನುಕೂಲವಿತ್ತು. ಅದೇ ಕ್ಲಿನಿಕ್ಕಿನಲ್ಲಿ ನನಗಿಂತ ಮೊದಲು ಒಳಗೆ ಹೋದವರು ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸು. ಬೆರಳಿಗೆ ಇನ್ನೂ ಬಾಳೆನಾರು ಸುತ್ತಿಕೊಂಡಿತ್ತು. ಬಾಗಿಲು ಅರ್ಧ ತೆರೆದೇ ಇದ್ದುದರಿಂದ ಮಾತು ಕೇಳಿಸುತ್ತಿತ್ತು. ಹಲ್ಲು ಉಳಿಸಬಹುದು, ಗಟ್ಟಿಯಾಗಿದೆ ಎಂದು ವೈದ್ಯರು ವಿವರಿಸಿದರು. ಕಿತ್ತರೆ ಪಕ್ಕದ ಹಲ್ಲು ವಾಲುತ್ತದೆ, ಮೇಲಿನ ಹಲ್ಲು ಇಳಿಯುತ್ತದೆ, ಅಗಿಯುವುದು ಕಷ್ಟವಾಗುತ್ತದೆ ಎಂದರು. ಆಕೆ ಎಷ್ಟಾಗುತ್ತದೆ ಎಂದು ಕೇಳಿದರು. ಉತ್ತರ ಕೇಳಿ, 'ಕಿತ್ತಾಕ್ಬುಡಿ ಡಾಕ್ಟ್ರೇ' ಎಂದರು. ಕೀಳುವುದಕ್ಕೆ 600 ರೂಪಾಯಿ. ಸೊಂಟದ ಚೀಲದಿಂದ ಹತ್ತು, ಇಪ್ಪತ್ತರ ನೋಟುಗಳನ್ನು ಎಣಿಸಿ ಕೊಟ್ಟು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಟರು. ಉಳಿಸಬಹುದಾಗಿದ್ದ ಹಲ್ಲು ಅದು. ನಮ್ಮ ಊರುಗಳ ದಂತ ಚಿಕಿತ್ಸಾಲಯಗಳಲ್ಲಿ ಇದು ದಿನಾ ನಡೆಯುವ ಸಂಗತಿ, ಯಾವ ದಂತವೈದ್ಯರನ್ನು ಕೇಳಿದರೂ ಹೇಳುತ್ತಾರೆ.

ಹಲ್ಲನ್ನು ವಿಮೆ ಯಾಕೆ ಹೊರಗಿಟ್ಟಿದೆ? ನನ್ನ ಅಭಿಪ್ರಾಯದಲ್ಲಿ ಇದರ ಮೂಲ ಇರುವುದು ಹಾಸಿಗೆಯಲ್ಲಿ. 1986ರಲ್ಲಿ ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು ತಂದಾಗ ಅದರ ಅಳತೆಗೋಲು ಆಸ್ಪತ್ರೆ ವಾಸವಾಗಿತ್ತು. ಆ ಅಳತೆಗೋಲು ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಆಸ್ಪತ್ರೆಗೆ ದಾಖಲಾಗುವುದು ಎಂದರೆ ಒಳರೋಗಿಯಾಗಿ ಸತತ 24 ಗಂಟೆ ಇರುವುದು. ಆಸ್ಪತ್ರೆ ಎನ್ನಿಸಿಕೊಳ್ಳಲು ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆ ಬೇಕು, ಉಳಿದೆಡೆ 15. ಹಲ್ಲಿನ ಕ್ಲಿನಿಕ್ಕಿನಲ್ಲಿ ಹಾಸಿಗೆ ಇರುವುದಿಲ್ಲ, ಕುರ್ಚಿ ಇರುತ್ತದೆ. ಹಾಗಾಗಿ ಹೊರಗಿಡುವ ಪಟ್ಟಿಯಲ್ಲಿ ಹಲ್ಲಿನ ಹೆಸರನ್ನು ಬರೆಯದೆ ಹೋಗಿದ್ದರೂ ಹಲ್ಲು ಹೊರಗೇ ಉಳಿಯುತ್ತಿತ್ತು.

ವೈದ್ಯಕೀಯ ಮುಂದುವರಿದಂತೆ 24 ಗಂಟೆಯ ಷರತ್ತು ವಿಮೆಯವರಿಗೇ ತೊಡಕಾಯಿತು. ಅದಕ್ಕಾಗಿ ಡೇ ಕೇರ್ ಎಂಬ ದಾರಿ ಮಾಡಿಕೊಂಡರು. ತಂತ್ರಜ್ಞಾನ ಬೆಳೆದ ಕಾರಣಕ್ಕೆ ಈಗ ಒಂದೇ ದಿನದಲ್ಲಿ ಮುಗಿಯುವ, ಆದರೆ ಹಿಂದೆ ಆಗಿದ್ದರೆ ದಾಖಲಾಗಲೇಬೇಕಿದ್ದ ಚಿಕಿತ್ಸೆಗೆ ಹಣ ಕೊಡಬಹುದು ಎಂಬುದು ಅದರ ತಿರುಳು. ಕಣ್ಣಿನ ಪೊರೆ ಈ ದಾರಿಯಲ್ಲಿ ಒಳಗೆ ಬಂತು. ಹಲ್ಲಿಗೆ ಹಾಗೆ ಬರುವ ಭಾಗ್ಯವಿಲ್ಲ, ಏಕೆಂದರೆ ಹಲ್ಲುನೋವಿಗೆ ಯಾರೂ ಯಾವ ಕಾಲದಲ್ಲೂ ಆಸ್ಪತ್ರೆಯಲ್ಲಿ ಮಲಗಿರಲಿಲ್ಲ. ಹಿಂದೆ ಮಲಗಿದ್ದವರಿಗೆ ಈಗ ಮಲಗದಿದ್ದರೂ ಹಣ, ಹಿಂದೆಯೂ ಮಲಗದವರಿಗೆ ಈಗಲೂ ಇಲ್ಲ.

ಪೊರೆಯ ಉದಾಹರಣೆಯನ್ನು ಇನ್ನೂ ಸ್ವಲ್ಪ ಹಿಡಿದುಕೊಳ್ಳಬೇಕು, ಏಕೆಂದರೆ ವಿಮಾ ಕಂಪನಿಗಳ ವಾದಕ್ಕೆ ಉತ್ತರ ಅಲ್ಲೇ ಇದೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ವಿಮೆ ಇರುವುದು ಅನಿರೀಕ್ಷಿತವಾಗಿ ಎರಗುವ ದೊಡ್ಡ ನಷ್ಟಕ್ಕೆ. ಹಲ್ಲಿನ ತೊಂದರೆ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ಚಿಕಿತ್ಸೆಯನ್ನು ಮುಂದೂಡಬಹುದು, ಮೊತ್ತ ಚಿಕ್ಕದು. ಹಲ್ಲು ಹುಳುಕಾಗಿದೆ ಎಂದು ಗೊತ್ತಾದ ಮೇಲೆ ಪಾಲಿಸಿ ಕೊಳ್ಳುವವರೇ ಹೆಚ್ಚಾದರೆ ಪ್ರೀಮಿಯಂ ಏರಿ ಉಳಿದವರಿಗೆ ಹೊರೆಯಾಗುತ್ತದೆ. ಇದೆಲ್ಲ ನಿಜ. ಆದರೆ ಇದರಲ್ಲಿ ಪ್ರತಿಯೊಂದು ಮಾತೂ ಕಣ್ಣಿನ ಪೊರೆಗೂ ಹೊಂದುತ್ತದೆ. ವಯಸ್ಸಾದವರಿಗೆಲ್ಲ ಇವತ್ತಲ್ಲ ನಾಳೆ ಪೊರೆ ಬರುತ್ತದೆ. ಆಪರೇಷನ್ನನ್ನು ತಿಂಗಳುಗಟ್ಟಲೆ ಮುಂದೂಡಬಹುದು. ಪೊರೆ ಬಂದಿದೆ ಎಂದು ತಿಳಿದ ಮೇಲೆ ಪಾಲಿಸಿ ಕೊಳ್ಳುವ ಆಸೆ ಯಾರಿಗಾದರೂ ಆಗಬಹುದು. ವಿಮೆ ಇದನ್ನು ಬಗೆಹರಿಸಿದ್ದು ಪೊರೆಯನ್ನು ಹೊರಗಿಟ್ಟಲ್ಲ. 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರಲೇಬೇಕೆಂದು ಐಆರ್‌ಡಿಎಐ ವಿಧಿಸಿದ ಆರೋಗ್ಯ ಸಂಜೀವಿನಿ ಪಾಲಿಸಿಯನ್ನೇ ನೋಡಿ: ಪೊರೆಗೆ 24 ತಿಂಗಳು ಕಾಯಬೇಕು, ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ 40,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಕಾಯುವ ಅವಧಿಯೂ ಮಿತಿಯೂ ಸೇರಿ ಕೆಲಸ ಮುಗಿಸಿವೆ.

ಅದೇ ಆರೋಗ್ಯ ಸಂಜೀವಿನಿಯಲ್ಲಿ ಹಲ್ಲಿನ ಬಗ್ಗೆಯೂ ಒಂದು ಸಾಲಿದೆ. ಕಾಯಿಲೆಯಿಂದಾಗಲಿ ಗಾಯದಿಂದಾಗಲಿ ಅಗತ್ಯವಾದ ದಂತ ಚಿಕಿತ್ಸೆಯ ವೆಚ್ಚ ಸೇರುತ್ತದೆ ಎನ್ನುತ್ತದೆ ಅದು. ಮೊದಲ ಸಲ ಓದಿದಾಗ ನನಗೆ ಸಂತೋಷವಾಯಿತು. ಅಪಘಾತದ ಷರತ್ತನ್ನು ಬಿಟ್ಟು, ಕಾಯಿಲೆ ಎಂಬುದನ್ನು ಒಪ್ಪಿಕೊಂಡಿದ್ದಾರಲ್ಲ! ಆದರೆ ಆ ಸಾಲು ಬರುವುದು ಆಸ್ಪತ್ರೆ ವಾಸದ ಖರ್ಚು ಎಂಬ ತಲೆಬರಹದ ಕೆಳಗೆ. ಹುಳುಕು ಹಲ್ಲಿಗೆ ಯಾರೂ ಅಡ್ಮಿಟ್ ಮಾಡಿಕೊಳ್ಳುವುದಿಲ್ಲ. ಸಾಲು ಕೊಟ್ಟದ್ದನ್ನು ತಲೆಬರಹ ಕಿತ್ತುಕೊಂಡಿದೆ, ಹೊಸ ಪಾಲಿಸಿಯಲ್ಲೂ ಹಾಸಿಗೆಯೇ ಗೆದ್ದಿದೆ.

ಈ ಅಳತೆಗೋಲಿನ ಬೆಲೆ ಬರೀ ರೋಗಿಯ ಜೇಬಿಗೆ ನಿಲ್ಲುವುದಿಲ್ಲ. ರೂಟ್ ಕೆನಾಲ್ ಮಾಡಿಸದೆ ನೋವಿನ ಮಾತ್ರೆಯಲ್ಲಿ ದಿನ ದೂಡಿದ ಹಲ್ಲಿನ ಕೀವು ಒಮ್ಮೊಮ್ಮೆ ದವಡೆಯ ಕೆಳಗೆ ಇಳಿದು ಕತ್ತಿಗೆ ಹರಡುತ್ತದೆ. ಲುಡ್ವಿಗ್ಸ್ ಆಂಜೈನಾ ಎಂದು ಅದರ ಹೆಸರು. ನಾಲಿಗೆ ಮೇಲಕ್ಕೆದ್ದು ಉಸಿರಿಗೆ ಅಡ್ಡಬರುತ್ತದೆ, ಐಸಿಯು ಬೇಕಾಗುತ್ತದೆ, ಕೆಲವೊಮ್ಮೆ ಕತ್ತಿನಲ್ಲಿ ತೂತು ಕೊರೆದು ಉಸಿರಾಡಿಸಬೇಕಾಗುತ್ತದೆ. ಆ ಹೊತ್ತಿಗೆ ರೋಗಿ ಹಾಸಿಗೆ ಹಿಡಿದಿರುತ್ತಾನೆ, ವಿಮೆಯ ಬಾಗಿಲು ತೆರೆಯುತ್ತದೆ. ಕೆಲವು ಸಾವಿರದಲ್ಲಿ ತಡೆಯಬಹುದಿದ್ದ ಕಾಯಿಲೆಗೆ ಲಕ್ಷಗಳಲ್ಲಿ ಬಿಲ್ಲು ಪಾವತಿಯಾಗುತ್ತದೆ. ಲಾಭ ನಷ್ಟದ ಲೆಕ್ಕವನ್ನೇ ಮುಂದಿಡುವ ಕಂಪನಿಗಳು ಈ ಲೆಕ್ಕವನ್ನೂ ಹಾಕಬೇಕಲ್ಲವೆ?

ಅಮೆರಿಕದಲ್ಲಿ ಈ ಲೆಕ್ಕ ಒಂದು ಮಗುವಿನ ಪ್ರಾಣದಲ್ಲಿ ಆಗಿಹೋಗಿದೆ. 2007ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ 12 ವರ್ಷದ ಬಡ ಹುಡುಗನೊಬ್ಬನ ಹಲ್ಲಿನ ಸೋಂಕು ಮಿದುಳಿಗೆ ಏರಿತು. ಕುಟುಂಬದ ಸರ್ಕಾರಿ ವಿಮೆ ನಡುವೆ ನಿಂತುಹೋಗಿತ್ತು. ವಿಮೆ ಇದ್ದಾಗಲೂ ಬಡವರ ವಿಮೆಯನ್ನು ಒಪ್ಪುವ ದಂತವೈದ್ಯರು ಸಿಗುವುದು ದುಸ್ತರವಾಗಿತ್ತು. ಸುಮಾರು 80 ಡಾಲರಿಗೆ ಕೀಳಬಹುದಾಗಿದ್ದ ಹಲ್ಲು. ಎರಡು ಸಲ ಮಿದುಳಿನ ಶಸ್ತ್ರಚಿಕಿತ್ಸೆಯಾಗಿ, ಆಸ್ಪತ್ರೆಯ ಖರ್ಚು ಎರಡೂವರೆ ಲಕ್ಷ ಡಾಲರಿನ ಆಸುಪಾಸಿಗೆ ಹೋದರೂ ಹುಡುಗ ಉಳಿಯಲಿಲ್ಲ. ಹಲ್ಲನ್ನು ದೇಹದಿಂದ ಬೇರೆಯಾಗಿ ನೋಡುವ ಪದ್ಧತಿಗೆ ಒಂದು ರೀತಿಯಲ್ಲಿ ತವರು ಕೂಡ ಅದೇ ರಾಜ್ಯ. ಜಗತ್ತಿನ ಮೊದಲ ದಂತವೈದ್ಯ ಕಾಲೇಜು 1840ರಲ್ಲಿ ಅಲ್ಲಿನ ಬಾಲ್ಟಿಮೋರಿನಲ್ಲಿ, ವೈದ್ಯಕೀಯ ಕಾಲೇಜಿನಿಂದ ಪ್ರತ್ಯೇಕವಾಗಿ ಶುರುವಾಯಿತು. ಅಂದಿನಿಂದ ವೈದ್ಯರ ಓದು ಬೇರೆ, ದಂತವೈದ್ಯರ ಓದು ಬೇರೆ, ಪರಿಷತ್ತುಗಳು ಬೇರೆ. ನಮ್ಮಲ್ಲೂ 1948ರ ದಂತವೈದ್ಯರ ಕಾಯ್ದೆಯಿಂದ ಇದೇ ವಿಂಗಡಣೆ. ಓದು ಬೇರೆಯಾಗಿದ್ದಕ್ಕೆ ಕಾರಣಗಳಿರಬಹುದು, ಒಳ್ಳೆಯದೂ ಆಗಿರಬಹುದು. ಅದರ ಹಿಂದೆಯೇ ಖರ್ಚಿನ ಲೆಕ್ಕವೂ ಬೇರೆಯಾಗಿದ್ದು ರೋಗಿಗೆ ಬಿದ್ದ ಪೆಟ್ಟು.

ಕರ್ನಾಟಕದ ಬಾಯಿಗಳನ್ನು ನೋಡಿದರೆ ಈ ಬೇರ್ಪಡಿಕೆ ಇನ್ನೂ ಅಪಾಯಕಾರಿ ಎನಿಸುತ್ತದೆ. ಅಡಿಕೆ, ತಂಬಾಕು ಅಗಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕೊಂಡು ಬೆರೆಸಿಕೊಳ್ಳುವುದು ನಡೆದೇ ಇದೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಮೂಡುವುದನ್ನು, ಬಾಯಿ ಅಗಲಿಸಲಾಗದಷ್ಟು ಚರ್ಮ ಬಿಗಿಯುವುದನ್ನು ಮೊದಲು ಕಾಣುವವರು ಹಲ್ಲಿನ ವೈದ್ಯರು. ಬಾಯಿಯ ಕ್ಯಾನ್ಸರಿಗೆ ದವಡೆ ತೆಗೆಯುವ ಶಸ್ತ್ರಚಿಕಿತ್ಸೆಗೆ, ವಿಕಿರಣಕ್ಕೆ ವಿಮೆ ಹಣ ಕೊಡುತ್ತದೆ. ಆ ಮಚ್ಚೆ ಕಾಣಿಸಬಹುದಾಗಿದ್ದ ಮುನ್ನೂರು ರೂಪಾಯಿಯ ತಪಾಸಣೆಗೆ ಕೊಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರ ಒಸಡು ಬೇಗ ಹಾಳಾಗುತ್ತದೆ, ಒಸಡು ಹಾಳಾದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ವೈದ್ಯಶಾಸ್ತ್ರ ಒಪ್ಪಿರುವ ಮಾತಿದು. ವಾರ್ಷಿಕ ಆರೋಗ್ಯ ತಪಾಸಣೆ ಎಂದು ವಿಮಾ ಕಂಪನಿಗಳು ರಕ್ತ ತೆಗೆದು ಸಕ್ಕರೆ ನೋಡಿಸುತ್ತವೆ, ಬಾಯಿ ತೆರೆಸಿ ನೋಡುವುದು ಅಪರೂಪ. ಇನ್ನು ಪಾವಗಡ, ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿಯ ಫ್ಲೋರೈಡಿನಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ. ಕುಡಿದ ನೀರಿನಿಂದ ಬಂದ ಆ ಕಲೆಯನ್ನು ಮರೆಮಾಡುವ ಚಿಕಿತ್ಸೆ ವಿಮೆಯ ಕಣ್ಣಲ್ಲಿ ಸೌಂದರ್ಯವರ್ಧನೆ. ಆ ಊರುಗಳ ಹೆಣ್ಣುಮಕ್ಕಳು ನಗುವಾಗ ಕೈ ಅಡ್ಡ ಹಿಡಿಯುವುದನ್ನು ಕಂಡವರು ಈ ಮಾತು ಒಪ್ಪಲಾರರು.

ಸರ್ಕಾರದ ಕೈ ಎಲ್ಲೆಲ್ಲಿ ಚಾಚಿದೆ ಎಂದು ನೋಡಿದಾಗಲೂ ನಡುವೆ ಅದೇ ಖಾಲಿ ಜಾಗ ಸಿಗುತ್ತದೆ. ಆಯುಷ್ಮಾನ್ ಭಾರತದ ಅಡಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ದವಡೆ ಮುರಿದರೆ ಅದರಲ್ಲಿ ದಾರಿಯಿದೆ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಶುರುವಾದ ದಂತಭಾಗ್ಯದಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಸಿಗುತ್ತದೆ. ಒಳ್ಳೆಯ ಯೋಜನೆ. ಮುದ್ದೆ ನುಂಗುವುದಷ್ಟೇ ಸಾಧ್ಯವಿದ್ದ ಅಜ್ಜಿ ರೊಟ್ಟಿ ಮುರಿದು ತಿನ್ನುವಂತಾಗುವುದು ಸಣ್ಣ ಮಾತಲ್ಲ. ಆದರೆ ದವಡೆ ಮುರಿಯುವುದಕ್ಕೂ ಹಲ್ಲೆಲ್ಲ ಉದುರುವುದಕ್ಕೂ ನಡುವೆ ನಲವತ್ತು ವರ್ಷಗಳ ಬದುಕಿದೆ, ಹೂ ಮಾರುವ ಆ ಹೆಂಗಸು ಇರುವುದು ಆ ನಲವತ್ತು ವರ್ಷಗಳೊಳಗೆ. ಅವರ ಹಲ್ಲು ಉಳಿಸಲು ಯಾವ ಯೋಜನೆಯೂ ಕಾರ್ಡ್ ಕೊಟ್ಟಿಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು, ದಂತವೈದ್ಯ ಕಾಲೇಜುಗಳಿಗೆ ಹೋಗಬಹುದು. ದೇಶದಲ್ಲೇ ಅತಿ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು, ವಿದ್ಯಾರ್ಥಿಗಳು ಕಲಿಯುತ್ತ ಮಾಡುವುದರಿಂದ ಅಲ್ಲಿ ಖರ್ಚು ಕಡಿಮೆ. ಆದರೆ ಒಂದು ರೂಟ್ ಕೆನಾಲಿಗೆ ಮತ್ತೆ ಮತ್ತೆ ಬಂದು ಅರ್ಧ ದಿನ ಕೂರಬೇಕು. ದಿನದ ವ್ಯಾಪಾರವೇ ದಿನದ ಊಟವಾಗಿರುವವರಿಗೆ ಅದೂ ದುಬಾರಿಯೇ.

ಹಲ್ಲನ್ನು ವಿಮೆಯೊಳಗೆ ತರುವುದು ಸಾಧ್ಯವೇ ಇಲ್ಲದ ಕೆಲಸವೂ ಅಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಮಿಕರಿಗಾಗಿ ಇರುವ ಇಎಸ್‌ಐ ವ್ಯವಸ್ಥೆಯಲ್ಲಿ ಹಲ್ಲನ್ನು ದೇಹದ ಭಾಗವೆಂದೇ ಎಣಿಸಿದ್ದಾರೆ. ಕಲಬುರಗಿಯಲ್ಲಿ ಇಎಸ್‌ಐ ನಿಗಮದ ದಂತವೈದ್ಯ ಕಾಲೇಜೇ ಇದೆ. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್‌ನಲ್ಲಿ ರೂಟ್ ಕೆನಾಲಿಗೂ ಕ್ಯಾಪಿಗೂ ನಿಗದಿತ ದರಗಳಿವೆ. ಖಾಸಗಿ ವಿಮೆಯಲ್ಲಿ ಮಾತ್ರ ಹೊರರೋಗಿ ಚಿಕಿತ್ಸೆಗೆ ಒಪಿಡಿ ರೈಡರ್ ಎಂಬ ಹೆಚ್ಚುವರಿ ಸೌಲಭ್ಯವನ್ನು ಮುಂದಿಡುತ್ತಾರೆ. ನಾನು ತರಿಸಿ ನೋಡಿದವುಗಳಲ್ಲಿ ಹೆಚ್ಚುವರಿ ಪ್ರೀಮಿಯಮ್ಮಿಗೂ ಅದು ಕೊಡುವ ಮಿತಿಗೂ ಹೆಚ್ಚು ಅಂತರವಿರಲಿಲ್ಲ. ನಮ್ಮ ಹಣವನ್ನೇ ಮುಂಗಡವಾಗಿ ಪಡೆದು, ರಸೀದಿ ನೋಡಿ ವಾಪಸು ಕೊಡುವ ಆ ಏರ್ಪಾಡನ್ನು ವಿಮೆ ಎನ್ನಲು ನನಗೆ ಮನಸ್ಸಿಲ್ಲ.

ದರದ ಮಾತು ಬಂದಿತಲ್ಲ, ವಿಮೆ ಇಲ್ಲದಿರುವುದರ ಇನ್ನೊಂದು ಪರಿಣಾಮ ಅಲ್ಲಿದೆ. ಪೊರೆಯ ಆಪರೇಷನ್ನಿಗೆ ವಿಮಾ ಕಂಪನಿಯೂ ಆಸ್ಪತ್ರೆಯೂ ಕೂತು ಪ್ಯಾಕೇಜ್ ದರ ಮಾಡಿಕೊಂಡಿರುತ್ತವೆ. ಯಾವ ಲೆನ್ಸಿಗೆ ಎಷ್ಟು ಎಂಬುದು ರೋಗಿ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಹಲ್ಲಿನ ಕುರ್ಚಿಯಲ್ಲಿ ರೋಗಿ ಒಂಟಿ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ದರಪಟ್ಟಿಯನ್ನು ಕಾಣುವಂತೆ ಹಾಕಬೇಕು ಎನ್ನುತ್ತದೆ. ನಾನು ಹೋದ ಕ್ಲಿನಿಕ್ಕಿನ ಗೋಡೆಯ ಮೇಲೆ ನಗುತ್ತಿರುವ ದಂಪತಿಯ ದೊಡ್ಡ ಚಿತ್ರವಿತ್ತು, ದರಪಟ್ಟಿ ಇರಲಿಲ್ಲ. ಲೆಟರ್‌ಹೆಡ್ಡಿನ ಹಿಂಬದಿಯಲ್ಲಿ ಬರೆದ ಅಂದಾಜು ಬಾಯಿ ತೆರೆದಮೇಲೆ ಬದಲಾಗುವುದನ್ನು ಪ್ರಶ್ನಿಸಲು ಮೂರನೆಯವರು ಬೇಕು. ಹಣ ಕೊಡುವ ವಿಮೆ ಆ ಮೂರನೆಯವರಾಗಬಹುದಿತ್ತು.

ಬಾಯಿಯ ಕಾಯಿಲೆಗಳು ಜಗತ್ತಿನಲ್ಲಿ ಸುಮಾರು 350 ಕೋಟಿ ಜನರನ್ನು ಕಾಡುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಹೇಳಿದೆ. ಅದಕ್ಕೂ ಹಿಂದಿನ ವರ್ಷ ಫ್ಲೋರೈಡ್ ಇರುವ ಟೂತ್‌ಪೇಸ್ಟನ್ನೂ ಹಲ್ಲಿಗೆ ತುಂಬುವ ಒಂದು ಬಗೆಯ ಸಿಮೆಂಟನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಔಷಧದ ಪಟ್ಟಿ ಬದಲಾಗಿದೆ, ಪಾಲಿಸಿ ಪುಸ್ತಕ ಬದಲಾಗಿಲ್ಲ.

ಕ್ಲೇಮ್ ತಿರಸ್ಕಾರವಾದರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು, ವಕೀಲರೂ ಬೇಕಿಲ್ಲ. ಆದರೆ ಲೋಕಪಾಲರು ಪಾಲಿಸಿಯಲ್ಲಿ ಬರೆದದ್ದನ್ನು ಓದಿ ತೀರ್ಪು ಕೊಡಬೇಕಾದವರು. ಬರೆಯದೆ ಬಿಟ್ಟದ್ದನ್ನು ಅವರು ಕೊಡಿಸಲಾರರು. ಬರೆಯುವ ಅಧಿಕಾರ ಹೈದರಾಬಾದಿನಲ್ಲಿ ಕೂತಿರುವ ಐಆರ್‌ಡಿಎಐಗೆ ಇದೆ. ಆರೋಗ್ಯ ಸಂಜೀವಿನಿಯ ಒಕ್ಕಣೆ ಅದರದೇ. ಹಲ್ಲಿನ ಆ ಒಂದು ಸಾಲನ್ನು ಆಸ್ಪತ್ರೆ ವಾಸದ ತಲೆಬರಹದ ಕೆಳಗಿನಿಂದ ಎತ್ತಿ ಪೊರೆಯ ಸಾಲಿನ ಪಕ್ಕದಲ್ಲಿ ಇಡಲಿ. ಎರಡು ವರ್ಷ ಕಾಯಬೇಕು ಎನ್ನಲಿ, ಒಪ್ಪೋಣ. ಕ್ಯಾಪಿಗೆ ಲೋಹದ್ದು ಎಷ್ಟೋ ಅಷ್ಟೇ, ಮೇಲಿನದು ನಿಮ್ಮದು ಎನ್ನಲಿ, ಅದನ್ನೂ ಒಪ್ಪೋಣ. ನೋಂದಾಯಿತ ದಂತವೈದ್ಯರ ಕುರ್ಚಿಯನ್ನು ಚಿಕಿತ್ಸೆಯ ಸ್ಥಳವೆಂದು ಪರಿಗಣಿಸಿ, ಸಹಾಯವಾಣಿಯ ಹುಡುಗನ ಮೊದಲ ಪ್ರಶ್ನೆಯನ್ನು ಬದಲಿಸಲಿ: ಅಡ್ಮಿಟ್ ಆಗಿದ್ರಾ ಎಂದು ಕೇಳುವ ಬದಲು, ಹಲ್ಲು ಉಳಿಸಬಹುದು ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರಾ ಎಂದು ಕೇಳುವಂತೆ.